ಕೇಳಿಸಿಕೊಳ್ಳದೆ ಪಶ್ಚಾತ್ತಾಪವಿಲ್ಲ

ಪೋಪ್ ಫ್ರಾನ್ಸಿಸ್ ಜಗದ್ಗುರುಗಳು 2025ರ ಏಪ್ರಿಲ್ 21ರಂದು ದೈವಾಧೀನರಾದಾಗ ಲೋಕದ ಪತ್ರಿಕೆಗಳು ಅವರ ಸರಳ ಜೀವನವನ್ನೂ ಬಡವರ ಮೇಲಣ ಮಮತೆಯನ್ನೂ ವಲಸಿಗರ ಪರವಾಗಿ ಅವರು ಎತ್ತಿದ ದನಿಯನ್ನೂ ಕೊಂಡಾಡಿದವು. ಅವೆಲ್ಲವೂ ಸ್ಮರಣೀಯವೇ ಸರಿ. ಆದರೆ ಹನ್ನೆರಡು ವರ್ಷಗಳ ತಮ್ಮ ಆಳ್ವಿಕೆಯಲ್ಲಿ ಅವರು ಬರೆದ ಒಂದು ಪತ್ರವನ್ನು ಕ್ರೈಸ್ತ ಕುಟುಂಬಗಳು ವಿಶೇಷವಾಗಿ ನೆನೆಯಬೇಕಾಗಿದೆ. ಅದು 2018ರ ಏಪ್ರಿಲ್ 8ರಂದು ಚಿಲಿ ದೇಶದ ಧರ್ಮಾಧ್ಯಕ್ಷರಿಗೆ ಬರೆದ ಪತ್ರ. ತಮ್ಮ ತೀರ್ಮಾನದಲ್ಲಿ ಗಂಭೀರ ತಪ್ಪುಗಳಾದವೆಂದು ಅದರಲ್ಲಿ ಅವರು ಒಪ್ಪಿಕೊಂಡರು. ತಾವು ನೋಯಿಸಿದವರ ಕ್ಷಮೆ ಯಾಚಿಸಿದರು.

ಪೋಪರೂ ತಪ್ಪುವರೇ ಎಂದು ಕೆಲವರು ಬೆರಗಾಗಬಹುದು. ವಿಶ್ವಾಸ ಹಾಗೂ ನೀತಿಗೆ ಸಂಬಂಧಿಸಿದ ಬೋಧನೆಯನ್ನು ಇಡೀ ಧರ್ಮಸಭೆಗೆ ಅಂತಿಮವಾಗಿ, ಅಧಿಕೃತವಾಗಿ ಸಾರುವ ಸಂದರ್ಭದಲ್ಲಿ ಮಾತ್ರ ಜಗದ್ಗುರುಗಳು ಪ್ರಮಾದಾತೀತರೆಂಬುದು 1870ರಲ್ಲಿ ಪ್ರಥಮ ವ್ಯಾಟಿಕನ್ ಮಹಾಸಭೆ ಘೋಷಿಸಿದ ತತ್ತ್ವ. ವ್ಯಕ್ತಿಗಳನ್ನು ಅಳೆಯುವಾಗ, ಸಾಕ್ಷ್ಯಗಳನ್ನು ತೂಗುವಾಗ ಅವರೂ ನಮ್ಮಂತೆಯೇ ಎಡವಬಲ್ಲ ಮನುಷ್ಯರು. ಎಡವಿದ ಮೇಲೆ ಅವರು ಹಿಡಿದ ದಾರಿ ಯಾವುದು, ಆ ದಾರಿಯಿಂದ ನಾವು ಕಲಿಯಬೇಕಾದುದೇನು ಎಂಬುದೇ ಇಂದಿನ ವಿಚಾರ.

ಚಿಲಿಯಲ್ಲಿ ನಡೆದುದು

ರಾಜಧಾನಿ ಸಾಂತಿಯಾಗೊ ನಗರದ ಎಲ್ ಬೋಸ್ಕೆ ಧರ್ಮಕೇಂದ್ರದಲ್ಲಿ ಫೆರ್ನಾಂಡೊ ಕರಾದಿಮಾ ಎಂಬ ಗುರುಗಳಿದ್ದರು. ಸಿರಿವಂತರಿಗೂ ಪ್ರಭಾವಿಗಳಿಗೂ ಅವರು ಆಪ್ತರು. ಅವರ ಮಾರ್ಗದರ್ಶನದಲ್ಲಿ ಅನೇಕ ತರುಣರು ಗುರುದೀಕ್ಷೆ ಪಡೆದರು. ಕೆಲವರು ಧರ್ಮಾಧ್ಯಕ್ಷರೂ ಆದರು. ಜನ ಅವರನ್ನು ಜೀವಂತ ಸಂತರೆಂದೇ ಭಾವಿಸಿದ್ದರು. ಅವರಿಂದ ಲೈಂಗಿಕ ದೌರ್ಜನ್ಯಕ್ಕೊಳಗಾದ ತರುಣರು ದೂರು ಕೊಟ್ಟಾಗ ಧರ್ಮಸಭೆಯ ಅಧಿಕಾರಿಗಳು ಹಲವು ವರ್ಷ ಅದನ್ನು ಗಂಭೀರವಾಗಿ ಪರಿಗಣಿಸಲಿಲ್ಲ. 2010ರಲ್ಲಿ ಅವರು ದೂರದರ್ಶನದ ಮುಂದೆ ಬಂದು ಮಾತಾಡಿದ ಮೇಲೆ ಇಡೀ ದೇಶ ಬೆಚ್ಚಿತು. 2011ರಲ್ಲಿ ವ್ಯಾಟಿಕನ್ ಕರಾದಿಮಾರನ್ನು ತಪ್ಪಿತಸ್ಥರೆಂದು ತೀರ್ಮಾನಿಸಿ, ಜೀವನಪೂರ್ತಿ ಪ್ರಾರ್ಥನೆ ಮತ್ತು ಪ್ರಾಯಶ್ಚಿತ್ತದಲ್ಲಿ ಕಳೆಯಬೇಕೆಂದು ವಿಧಿಸಿತು. ದೇಶದ ನ್ಯಾಯಾಲಯದಲ್ಲಿ ಮಾತ್ರ ಕಾಲಮಿತಿ ಮೀರಿದ ಕಾರಣ ಮೊಕದ್ದಮೆ ಮುಂದುವರಿಯಲಿಲ್ಲ.

ಪ್ರಕರಣ ಅಲ್ಲಿಗೆ ಮುಗಿಯಲಿಲ್ಲ. ಕರಾದಿಮಾರ ಶಿಷ್ಯವರ್ಗದಲ್ಲಿದ್ದ ಹುವಾನ್ ಬಾರೋಸ್ ಅವರನ್ನು 2015ರ ಜನವರಿಯಲ್ಲಿ ಒಸೊರ್ನೊ ಧರ್ಮಪ್ರಾಂತ್ಯದ ಧರ್ಮಾಧ್ಯಕ್ಷರನ್ನಾಗಿ ನೇಮಿಸಲಾಯಿತು. ದೌರ್ಜನ್ಯ ನಡೆಯುತ್ತಿದ್ದಾಗ ಅವರು ಅದನ್ನು ಕಂಡೂ ಸುಮ್ಮನಿದ್ದರೆಂದು ನೊಂದವರು ದೂರಿದರು. ಬಾರೋಸ್ ಅದನ್ನು ನಿರಾಕರಿಸುತ್ತ ಬಂದರು. ಮಾರ್ಚ್ ತಿಂಗಳಲ್ಲಿ ಅವರ ಅಧಿಕಾರ ಸ್ವೀಕಾರದ ದಿನ ಪ್ರಧಾನಾಲಯದೊಳಗೇ ಪ್ರತಿಭಟನೆ ನಡೆಯಿತು. ಒಸೊರ್ನೊದ ಶ್ರೀಸಾಮಾನ್ಯರು ಮೂರು ವರ್ಷ ಕಾಲ ತಮ್ಮ ಅಳಲನ್ನು ಬಿಡದೆ ಹೇಳಿಕೊಂಡರು. ಅದು ರೋಮಿನ ಕಿವಿಗೆ ಮುಟ್ಟಲಿಲ್ಲ.

2018ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸ್ ಚಿಲಿಗೆ ಭೇಟಿಯಿತ್ತರು. ದೌರ್ಜನ್ಯದ ಬಗ್ಗೆ ತಮಗೆ ನೋವೂ ನಾಚಿಕೆಯೂ ಇದೆಯೆಂದು ಜನವರಿ 16ರಂದು ಅಧ್ಯಕ್ಷರ ಅರಮನೆಯಲ್ಲಿ ಹೇಳಿದರು. ಎರಡೇ ದಿನಗಳ ತರುವಾಯ ಇಕಿಕೆ ನಗರದಲ್ಲಿ ಪತ್ರಕರ್ತರೊಬ್ಬರು ಬಾರೋಸರ ಕುರಿತು ಪ್ರಶ್ನಿಸಿದಾಗ, ಅವರ ವಿರುದ್ಧ ಒಂದು ಪುರಾವೆಯೂ ಇಲ್ಲ, ಎಲ್ಲವೂ ಮಿಥ್ಯಾಪವಾದ ಎಂದುಬಿಟ್ಟರು. ನೊಂದವರಿಗೆ ಇದು ಗಾಯದ ಮೇಲೆ ಬರೆ ಎಳೆದಂತಾಯಿತು. ಬಾಸ್ಟನ್ನಿನ ಕಾರ್ಡಿನಲ್ ಶಾನ್ ಓಮ್ಯಾಲಿಯವರು, ಇಂತಹ ಮಾತುಗಳು ನೊಂದವರಿಗೆ ಅತೀವ ವೇದನೆ ತರುತ್ತವೆಂದು ಬಹಿರಂಗವಾಗಿಯೇ ನುಡಿದರು. ಹಿಂದಿರುಗುವ ವಿಮಾನದಲ್ಲಿ ಪೋಪರು 'ಪುರಾವೆ' ಎಂಬ ಪದಕ್ಕಾಗಿ ಕ್ಷಮೆ ಕೇಳಿದರೇ ಹೊರತು ತಮ್ಮ ನಿಲುವನ್ನು ಬದಲಿಸಲಿಲ್ಲ.

ಅನಂತರ ನಡೆದುದು ಗಮನಾರ್ಹ. ಆ ತಿಂಗಳು ಮುಗಿಯುವ ಮೊದಲೇ ಮಾಲ್ಟಾದ ಮಹಾಧರ್ಮಾಧ್ಯಕ್ಷ ಚಾರ್ಲ್ಸ್ ಶಿಕ್ಲೂನಾ ಅವರನ್ನು ವಿಚಾರಣೆಗೆ ಕಳುಹಿಸುವ ನಿರ್ಧಾರ ಪ್ರಕಟವಾಯಿತು. ಶಿಕ್ಲೂನಾ ಮತ್ತು ಅವರ ಸಹಾಯಕ ಜೋರ್ದಿ ಬೆರ್ತೊಮೆಯು 64 ಮಂದಿಯ ಹೇಳಿಕೆಗಳನ್ನು ಆಲಿಸಿ, ಸುಮಾರು 2,300 ಪುಟಗಳ ವರದಿಯನ್ನು ರೋಮಿಗೆ ಒಪ್ಪಿಸಿದರು. ಅದನ್ನು ಓದಿದ ಮೇಲೆ ಹೊರಬಂದುದೇ ಏಪ್ರಿಲ್ 8ರ ಪತ್ರ. ಸತ್ಯವಾದ, ಸಮತೋಲನದ ಮಾಹಿತಿ ತಮಗೆ ದೊರೆಯದೆ ಹೋದುದನ್ನು ಪೋಪರು ಅದರಲ್ಲಿ ಉಲ್ಲೇಖಿಸಿದರು. ಆದರೆ ಆ ಕಾರಣವನ್ನು ಮುಂದಿಟ್ಟು ತಾವು ಹಿಂದೆ ಸರಿಯಲಿಲ್ಲ; ತಪ್ಪು ತಮ್ಮದೆಂದೇ ಒಪ್ಪಿಕೊಂಡರು.

ಏಪ್ರಿಲ್ ತಿಂಗಳ ಕೊನೆಯ ದಿನಗಳಲ್ಲಿ ದೂರು ಕೊಟ್ಟವರಲ್ಲಿ ಪ್ರಮುಖರಾದ ಹುವಾನ್ ಕಾರ್ಲೋಸ್ ಕ್ರೂಸ್, ಜೇಮ್ಸ್ ಹ್ಯಾಮಿಲ್ಟನ್, ಹೋಸೆ ಆಂದ್ರೆಸ್ ಮುರಿಯೋ ಎಂಬ ಮೂವರನ್ನು ಪೋಪರು ತಾವು ವಾಸವಾಗಿದ್ದ ಸಾಂತಾ ಮಾರ್ತಾ ನಿವಾಸಕ್ಕೆ ಅತಿಥಿಗಳಾಗಿ ಬರಮಾಡಿಕೊಂಡರು. ಒಬ್ಬೊಬ್ಬರೊಂದಿಗೂ ಪ್ರತ್ಯೇಕವಾಗಿ ಕುಳಿತು ಅವರ ಮಾತನ್ನು ಕೇಳಿದರು. ತಾನೂ ಆ ಸಮಸ್ಯೆಯ ಭಾಗವಾಗಿದ್ದೆನೆಂದು ಪೋಪರು ಒಪ್ಪಿಕೊಂಡು ಕ್ಷಮೆ ಕೇಳಿದರೆಂದು ಕ್ರೂಸ್ ಅನಂತರ ಲೋಕಕ್ಕೆ ತಿಳಿಸಿದರು. ಮೇ ತಿಂಗಳಲ್ಲಿ ಚಿಲಿಯ ಧರ್ಮಾಧ್ಯಕ್ಷರೆಲ್ಲರೂ ರೋಮಿಗೆ ಕರೆಸಲ್ಪಟ್ಟರು. ಸಭೆಯ ಕೊನೆಯಲ್ಲಿ ಅಧಿಕಾರದಲ್ಲಿದ್ದ ಧರ್ಮಾಧ್ಯಕ್ಷರೆಲ್ಲರೂ ರಾಜೀನಾಮೆ ಮುಂದಿಟ್ಟರು. ಜೂನ್ 11ರಂದು ಬಾರೋಸರ ರಾಜೀನಾಮೆ ಅಂಗೀಕೃತವಾಯಿತು. ಸೆಪ್ಟೆಂಬರಿನಲ್ಲಿ ಕರಾದಿಮಾರನ್ನು ಗುರುಪದವಿಯಿಂದಲೇ ತೆಗೆದುಹಾಕಲಾಯಿತು.

ಇಬ್ಬರು ಶಿಷ್ಯರು

ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರಾರು ಎಂದು ನಮ್ಮ ಹಿರಿಯರು ಕೇಳುತ್ತಿದ್ದರು. ವಿಶ್ವಾಸದ್ರೋಹದ ತಿರುಳೇ ಇದು. ಪರಕೀಯನು ಮಾಡುವುದು ಅಪರಾಧ. ನಂಬಿದವನು ಮಾಡುವುದು ಅಪರಾಧದ ಮೇಲೆ ದ್ರೋಹ. ಶುಭಸಂದೇಶದಲ್ಲಿಯೂ ಯೇಸುಸ್ವಾಮಿಯನ್ನು ಹಿಡಿದುಕೊಟ್ಟವನು ಪಂಕ್ತಿಯಲ್ಲಿ ಕುಳಿತು ಉಂಡವನೇ. ಅರಿಯೆನೆಂದು ಮೂರು ಬಾರಿ ಆಣೆಯಿಟ್ಟವನು ಮೊದಲ ಸ್ಥಾನ ಪಡೆದ ಶಿಷ್ಯನೇ. ಯೂದ ಮತ್ತು ಪೇತ್ರ ಇಬ್ಬರೂ ಒಂದೇ ಇರುಳಿನಲ್ಲಿ ಬಿದ್ದವರು. ಒಬ್ಬನು ನಾಶವಾದನು, ಇನ್ನೊಬ್ಬನು ಧರ್ಮಸಭೆಯ ಬಂಡೆಯಾದನು. ವ್ಯತ್ಯಾಸವೆಲ್ಲಿ?

ಯೂದನಿಗೆ ಪಶ್ಚಾತ್ತಾಪವೇ ಆಗಲಿಲ್ಲವೆಂದು ಅನೇಕರು ತಿಳಿದಿದ್ದಾರೆ. ಸಂತ ಮತ್ತಾಯನ ವೃತ್ತಾಂತ ಹಾಗೆ ಹೇಳುವುದಿಲ್ಲ. ಯೇಸುವಿಗೆ ಮರಣದಂಡನೆಯಾದುದನ್ನು ಕಂಡು ಅವನ ಮನಸ್ಸು ಕರಗಿತು. ನಿರಪರಾಧಿಯನ್ನು ಹಿಡಿದುಕೊಟ್ಟು ಪಾಪ ಮಾಡಿದೆನೆಂದು ಅವನು ಬಾಯಿಬಿಟ್ಟು ಹೇಳಿದನು. ಪಡೆದ ಮೂವತ್ತು ಬೆಳ್ಳಿನಾಣ್ಯಗಳನ್ನು ಹಿಂದಿರುಗಿಸಿದನು. ದುಃಖ, ನಿವೇದನೆ, ಮರುಪಾವತಿ ಮೂರೂ ಅಲ್ಲಿವೆ. ಆದರೆ ಅವನು ಹೋದದ್ದು ಮಹಾಯಾಜಕರ ಬಳಿಗೆ, ಅಂದರೆ ದ್ರೋಹದ ಪಾಲುದಾರರ ಬಳಿಗೆ. ತಾನು ದ್ರೋಹ ಬಗೆದವನ ಮುಖವನ್ನು ಅವನು ಮತ್ತೆ ನೋಡಲಿಲ್ಲ.

ಮಹಾಯಾಜಕರ ನಡತೆಯೂ ಇಲ್ಲಿ ಗಮನಿಸತಕ್ಕದ್ದು. ಅದು ನಿನ್ನ ಪಾಡು, ನಮಗೇನು ಎಂಬಂತೆ ಅವರು ಅವನಿಗೆ ಬೆನ್ನು ತಿರುಗಿಸಿದರು. ಬಳಿಕ ಆ ಹಣ ರಕ್ತದ ಬೆಲೆಯಾದುದರಿಂದ ಕಾಣಿಕೆಯ ಭಂಡಾರಕ್ಕೆ ಸೇರಕೂಡದೆಂದು ಶಾಸ್ತ್ರವಿಚಾರ ಮಾಡಿ, ಅದರಿಂದ ಕುಂಬಾರನ ಹೊಲವನ್ನು ಕೊಂಡರು. ನಿರಪರಾಧಿಯ ಪ್ರಾಣದ ಬಗ್ಗೆ ಒಂದು ಪ್ರಶ್ನೆಯೂ ಏಳದ ಸಭೆಯಲ್ಲಿ ನಾಣ್ಯದ ಮಡಿಮೈಲಿಗೆಯ ಬಗ್ಗೆ ದೀರ್ಘ ಸಮಾಲೋಚನೆ! ದೂರು ಬಂದಾಗ ನೊಂದವನ ಗತಿಯೇನೆಂದು ಕೇಳದೆ ಸಂಸ್ಥೆಯ ಹೆಸರೇನಾಗುವುದೋ ಎಂದು ಚಿಂತಿಸುವ ಎಲ್ಲ ಕಾಲದ ಅಧಿಕಾರಿಗಳೂ ಈ ಕನ್ನಡಿಯಲ್ಲಿ ಮುಖ ನೋಡಿಕೊಳ್ಳಬಹುದು.

ಪೇತ್ರನ ದಾರಿ ಬೇರೆ. ಕೋಳಿ ಕೂಗಿದಾಗ ಪ್ರಭು ತಿರುಗಿ ಅವನನ್ನು ನೋಡಿದರೆಂದೂ ಅವನು ಹೊರಗೆ ಹೋಗಿ ಬಹಳವಾಗಿ ಅತ್ತನೆಂದೂ ಸಂತ ಲೂಕನು ಬರೆಯುತ್ತಾನೆ. ನಮ್ಮ ಪ್ರವಚನಗಳು ಸಾಮಾನ್ಯವಾಗಿ ಆ ಕಣ್ಣೀರಿನಲ್ಲೇ ನಿಂತುಬಿಡುತ್ತವೆ. ಆದರೆ ಸಂತ ಯೊವಾನ್ನನ ಶುಭಸಂದೇಶದಲ್ಲಿ ಕಥೆ ಮುಂದುವರಿಯುತ್ತದೆ. ಪುನರುತ್ಥಾನರಾದ ಪ್ರಭು ತಿಬೇರಿಯ ಸರೋವರದ ದಡದಲ್ಲಿ ಇದ್ದಲಿನ ಬೆಂಕಿ ಮಾಡಿ ಶಿಷ್ಯರಿಗೆ ಉಣಬಡಿಸುತ್ತಾರೆ. ಪೇತ್ರನು ನಿರಾಕರಿಸುವಾಗ ಚಳಿ ಕಾಯಿಸಿಕೊಳ್ಳುತ್ತಿದ್ದುದೂ ಇದ್ದಲಿನ ಬೆಂಕಿಯ ಮುಂದೆಯೇ. ಊಟವಾದ ಮೇಲೆ, ತನ್ನನ್ನು ಪ್ರೀತಿಸುತ್ತೀಯಾ ಎಂದು ಪ್ರಭು ಮೂರು ಬಾರಿ ಕೇಳುತ್ತಾರೆ. ಮೂರನೆಯ ಸಲ ಪೇತ್ರನಿಗೆ ನೋವಾಯಿತೆಂದು ಶುಭಸಂದೇಶಕರ್ತನು ಮುಚ್ಚುಮರೆಯಿಲ್ಲದೆ ಹೇಳುತ್ತಾನೆ.

ಇಲ್ಲಿ ಪ್ರಶ್ನೆ ಕೇಳುವವರು ದ್ರೋಹಕ್ಕೊಳಗಾದವರು. ಎಲ್ಲಿ, ಯಾವಾಗ, ಎಷ್ಟು ಬಾರಿ ಕೇಳಬೇಕೆಂಬುದೂ ಅವರದೇ ನಿರ್ಧಾರ. ಪೇತ್ರನು ವಿವರಣೆ ಕೊಡುವುದಿಲ್ಲ; ಅಂದಿನ ಭಯವನ್ನಾಗಲಿ ಗೊಂದಲವನ್ನಾಗಲಿ ಮುಂದಿಡುವುದಿಲ್ಲ. ನೋಯುತ್ತಲೇ ಉತ್ತರಿಸುತ್ತಾನೆ. ಅವನಿಗೆ ದೊರೆತ ಪ್ರತಿಫಲವೂ ನೆಮ್ಮದಿಯ ನಿದ್ದೆಯಲ್ಲ, ಕುರಿಮರಿಗಳನ್ನು ಮೇಯಿಸುವ ಹೊಣೆ. ಪಶ್ಚಾತ್ತಾಪ ಪೂರ್ಣಗೊಳ್ಳುವುದು ಹೀಗೆ: ದ್ರೋಹಕ್ಕೊಳಗಾದವರ ಮಾತಿಗೆ ಕಿವಿಗೊಟ್ಟು, ಅವರಂತಹ ದುರ್ಬಲರನ್ನು ಕಾಯುವ ಕಾರ್ಯಕ್ಕೆ ಕೈಹಚ್ಚಿದಾಗ. ಪೇತ್ರನ ಉತ್ತರಾಧಿಕಾರಿಯು ಸಾಂತಾ ಮಾರ್ತಾ ನಿವಾಸದಲ್ಲಿ ಆ ಮೂವರ ಮುಂದೆ ಕುಳಿತಾಗ ನಡೆದುದು ಇದೇ.

ಸಂಸ್ಕಾರದ ಬೋಧನೆ

ಇದು ಹೊಸ ವಿಚಾರವೇನಲ್ಲ. 1551ರಲ್ಲಿ ಟ್ರೆಂಟ್ ಮಹಾಸಭೆಯು ಪಾಪನಿವೇದನೆಯ ಸಂಸ್ಕಾರದಲ್ಲಿ ಪಶ್ಚಾತ್ತಾಪಿಯು ಮಾಡಬೇಕಾದ ಮೂರು ಕ್ರಿಯೆಗಳನ್ನು ಗುರುತಿಸಿತು: ಮನದಾಳದ ದುಃಖ, ಬಾಯಿಬಿಟ್ಟು ಮಾಡುವ ನಿವೇದನೆ, ಪ್ರಾಯಶ್ಚಿತ್ತ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ ಈ ಮೂರನ್ನೂ ಪುನರುಚ್ಚರಿಸಿ, ನೆರೆಯವರಿಗಾದ ಹಾನಿಯನ್ನು ಸಾಧ್ಯವಾದಷ್ಟು ಸರಿಪಡಿಸಬೇಕೆಂದು ಸ್ಪಷ್ಟಪಡಿಸಿತು. ಕದ್ದುದನ್ನು ಹಿಂದಿರುಗಿಸಬೇಕು, ಕೆಡಿಸಿದ ಹೆಸರನ್ನು ಸರಿಪಡಿಸಬೇಕು, ಗಾಯಕ್ಕೆ ಪರಿಹಾರ ಕೊಡಬೇಕು. ಗುರುಗಳು ನೀಡುವ ಪಾಪವಿಮೋಚನೆ ಪಾಪವನ್ನು ತೊಡೆದುಹಾಕುತ್ತದೆ. ಆ ಪಾಪ ಲೋಕದಲ್ಲಿ ಎಬ್ಬಿಸಿದ ಎಲ್ಲ ಅವ್ಯವಸ್ಥೆಯನ್ನೂ ಅದು ತಾನಾಗಿ ಸರಿಪಡಿಸುವುದಿಲ್ಲವೆಂದು ಅದೇ ಗ್ರಂಥ ತಿಳಿಸುತ್ತದೆ. ಜಕ್ಕಾಯನು ಮೋಸದಿಂದ ಪಡೆದುದಕ್ಕೆ ನಾಲ್ಕರಷ್ಟು ಕೊಡುತ್ತೇನೆಂದು ಎದ್ದುನಿಂತ ದಿನವೇ ಅವನ ಮನೆಗೆ ರಕ್ಷಣೆ ಬಂದಿತೆಂಬುದನ್ನು ಮರೆಯಬಾರದು.

ಧರ್ಮಸಭೆ ಸಾರ್ವಜನಿಕವಾಗಿ ಕ್ಷಮೆ ಕೇಳಿದ್ದೂ ಅದು ಮೊದಲಲ್ಲ. 2000ನೇ ಇಸವಿಯ ಮಹಾಜೂಬಿಲಿಯಲ್ಲಿ, ಮಾರ್ಚ್ 12ರಂದು, ದ್ವಿತೀಯ ಜಾನ್ ಪಾಲ್ ಜಗದ್ಗುರುಗಳು ಸಂತ ಪೇತ್ರರ ಮಹಾದೇವಾಲಯದಲ್ಲಿ ಧರ್ಮಸಭೆಯ ಮಕ್ಕಳು ಶತಮಾನಗಳಲ್ಲಿ ಮಾಡಿದ ಪಾಪಗಳಿಗಾಗಿ ದೇವರ ಕ್ಷಮೆ ಬೇಡಿದರು. ಅದೊಂದು ಧೀರ ಕಾರ್ಯ. ಅಲ್ಲಿ ನಿವೇದನೆ ದೇವರಿಗೆ ಸಲ್ಲಿತು. ನೊಂದವರು ಬಹುಪಾಲು ಗತಿಸಿದ್ದರು. ಚಿಲಿಯಲ್ಲಿ ನೊಂದವರು ಜೀವಂತವಾಗಿದ್ದರು, ಕುರ್ಚಿಯ ಎದುರಿಗೇ ಕುಳಿತಿದ್ದರು, ಪ್ರಶ್ನೆಗಳನ್ನು ಕೇಳಬಲ್ಲವರಾಗಿದ್ದರು. ಅಷ್ಟರಮಟ್ಟಿಗೆ ಕ್ಷಮೆ ಕೇಳುವುದೂ ಕಠಿಣವಾಗಿತ್ತು.

ಮಾತು ಕಾನೂನಾದಾಗ

ಕಣ್ಣೀರು ಕಾನೂನಾಗಿ ಇಳಿಯದಿದ್ದರೆ ಕಾಲಕ್ರಮದಲ್ಲಿ ಆರಿಹೋಗುತ್ತದೆ. 2019ರ ಫೆಬ್ರವರಿ 21ರಿಂದ 24ರವರೆಗೆ ಲೋಕದ ಧರ್ಮಾಧ್ಯಕ್ಷರ ಮಂಡಳಿಗಳ ಅಧ್ಯಕ್ಷರನ್ನು ಪೋಪರು ವ್ಯಾಟಿಕನ್ನಿಗೆ ಕರೆಸಿದರು. ಮುಂಬಯಿಯ ಕಾರ್ಡಿನಲ್ ಆಸ್ವಾಲ್ಡ್ ಗ್ರೇಶಿಯಸ್ ಅದರ ಸಂಘಟನಾ ಸಮಿತಿಯಲ್ಲಿದ್ದರು. ಅದೇ ವರ್ಷ ಮೇ ತಿಂಗಳಲ್ಲಿ 'ವೋಸ್ ಎಸ್ತಿಸ್ ಲುಕ್ಸ್ ಮುಂದಿ' ಎಂಬ ಶಾಸನ ಹೊರಬಂದಿತು. ಲೋಕದ ಪ್ರತಿಯೊಂದು ಧರ್ಮಪ್ರಾಂತ್ಯವೂ ದೂರು ಸ್ವೀಕರಿಸುವ ವ್ಯವಸ್ಥೆ ಹೊಂದಿರಬೇಕು, ವಿಷಯ ತಿಳಿದ ಗುರುಗಳೂ ಸಂನ್ಯಾಸಿಗಳೂ ವರದಿ ಮಾಡಲೇಬೇಕು, ದೂರನ್ನು ಮುಚ್ಚಿಟ್ಟ ಧರ್ಮಾಧ್ಯಕ್ಷರೂ ವಿಚಾರಣೆಗೆ ಒಳಗಾಗಬೇಕು ಎಂದು ಅದು ವಿಧಿಸಿತು. 2023ರಲ್ಲಿ ಅದು ಶಾಶ್ವತವಾಯಿತು. ಕರ್ನಾಟಕದ ಧರ್ಮಪ್ರಾಂತ್ಯಗಳಿಗೂ ಅದು ಅನ್ವಯಿಸುತ್ತದೆ. 2019ರ ಡಿಸೆಂಬರಿನಲ್ಲಿ ಇಂತಹ ಪ್ರಕರಣಗಳ ಮೇಲಿದ್ದ ವ್ಯಾಟಿಕನ್ನಿನ ವಿಶೇಷ ಗೋಪ್ಯತೆಯನ್ನೂ ತೆಗೆಯಲಾಯಿತು.

2021ರ ಡಿಸೆಂಬರ್ 8ರಿಂದ ಜಾರಿಗೆ ಬಂದ ಪರಿಷ್ಕೃತ ದಂಡಸಂಹಿತೆಯಲ್ಲಿ ಇನ್ನೂ ಮೂಲಭೂತವಾದ ಬದಲಾವಣೆಯೊಂದಿದೆ. ಹಿಂದೆ ಬಾಲಕರ ಮೇಲಣ ದೌರ್ಜನ್ಯವು ಗುರುವಿನ ವಿಶೇಷ ಕರ್ತವ್ಯಗಳನ್ನು ಮೀರಿದ ಅಪರಾಧಗಳ ಅಧ್ಯಾಯದಲ್ಲಿತ್ತು. ಅಂದರೆ ಬ್ರಹ್ಮಚರ್ಯದ ಭಂಗವೆಂದು ಎಣಿಸಲ್ಪಡುತ್ತಿತ್ತು. ಈಗ ಅದು ಮನುಷ್ಯನ ಜೀವ, ಘನತೆ, ಸ್ವಾತಂತ್ರ್ಯಗಳ ವಿರುದ್ಧದ ಅಪರಾಧಗಳ ಅಧ್ಯಾಯದಲ್ಲಿದೆ. ಗುರುವು ತನ್ನ ವ್ರತವನ್ನು ಕೆಡಿಸಿಕೊಂಡನೆಂದು ಮಾತ್ರ ಹೇಳುತ್ತಿದ್ದ ಕಾನೂನು ಒಂದು ಮಗುವಿನ ಬಾಳನ್ನು ಗಾಯಗೊಳಿಸಿದನೆಂದು ಈಗ ಹೇಳುತ್ತದೆ. ಪಾಪವನ್ನು ಪಾಪಿಯ ಕಡೆಯಿಂದ ನೋಡುತ್ತಿದ್ದ ದೃಷ್ಟಿ ನೊಂದವರ ಕಡೆಗೆ ತಿರುಗಿದುದಕ್ಕೆ ಇದೇ ಸಾಕ್ಷಿ.

ಎಲ್ಲವೂ ಸರಿಹೋಯಿತೆಂದಲ್ಲ. ರಾಜೀನಾಮೆ ಕೊಟ್ಟ ಚಿಲಿಯ ಧರ್ಮಾಧ್ಯಕ್ಷರಲ್ಲಿ ಕೆಲವರದು ಮಾತ್ರ ಅಂಗೀಕಾರವಾಯಿತು. ನೊಂದ ಮೂವರಿಗೆ ತಲಾ 10 ಕೋಟಿ ಪೆಸೊ ಪರಿಹಾರ ಕೊಡಬೇಕೆಂದು ಸಾಂತಿಯಾಗೊ ಮಹಾಧರ್ಮಪ್ರಾಂತ್ಯಕ್ಕೆ 2019ರಲ್ಲಿ ಆದೇಶಿಸಿದುದು ದೇಶದ ಮೇಲ್ಮನವಿ ನ್ಯಾಯಾಲಯ. ಪರಿಹಾರ ತಾನಾಗಿ ಬಂದುದಲ್ಲ. ಪ್ರಾಯಶ್ಚಿತ್ತವೆಂಬ ಮೂರನೆಯ ಅಂಗವೇ ಎಲ್ಲೆಲ್ಲಿಯೂ ಕೊನೆಗೆ ಬರುತ್ತದೆ, ಕುಂಟುತ್ತ ಬರುತ್ತದೆ. ಆದರೂ 2021ರಲ್ಲಿ ಕ್ರೂಸ್ ಅವರನ್ನು ಮಕ್ಕಳ ರಕ್ಷಣೆಯ ಪೋಪರ ಆಯೋಗಕ್ಕೆ ಸದಸ್ಯರನ್ನಾಗಿ ನೇಮಿಸಿದುದು ಸಾರ್ಥಕ ಹೆಜ್ಜೆ. ಸುಳ್ಳುಗಾರನೆನಿಸಿಕೊಂಡವನ ಮಾತು ಇಂದು ಧರ್ಮಸಭೆಗೆ ಮಾರ್ಗದರ್ಶನವಾಗಿದೆ.

ನಮ್ಮ ಮನೆಗಳಲ್ಲಿ

ದೂರದ ಚಿಲಿಯ ಕಥೆ ಕೇಳಿ ರೋಮನ್ನು ದೂರುವುದು ಸುಲಭ. ಆದರೆ ನೊಂದವರ ಮಾತನ್ನು ಕೇಳದಿರುವ ಅಭ್ಯಾಸ ಮೊದಲು ಬೆಳೆಯುವುದು ಮನೆಯಲ್ಲಿ. ಸಹೋದರಿಯ ಪಾಲಿನ ಭೂಮಿಯನ್ನು ಸಹಿ ಹಾಕಿಸಿಕೊಂಡು ನುಂಗಿದ ಅಣ್ಣ ಪ್ರತಿ ಪಾಸ್ಕ ಹಬ್ಬಕ್ಕೆ ಪಾಪನಿವೇದನೆ ಮಾಡಿ ಪರಮಪ್ರಸಾದ ಸ್ವೀಕರಿಸುತ್ತಾನೆ. ಭೂಮಿ ಮಾತ್ರ ಹಿಂದಿರುಗುವುದಿಲ್ಲ. ಹೆಂಡತಿಗೆ ಕೈಯೆತ್ತಿದವನು ಒಂದು ತಪೋಧ್ಯಾನಕ್ಕೆ ಹೋಗಿಬಂದು ತಾನು ಹೊಸ ಮನುಷ್ಯನಾದೆನೆಂದು ಸಾಕ್ಷ್ಯ ಹೇಳುತ್ತಾನೆ; ಅವಳ ಸಾಕ್ಷ್ಯವನ್ನು ಯಾರೂ ಕೇಳುವುದಿಲ್ಲ. ಇದರ ಮೇಲೆ ಬಂಧುಬಳಗದವರು ನೊಂದವಳ ಬಳಿಗೇ ಬಂದು, ನಾವು ಕ್ರೈಸ್ತರಲ್ಲವೇ, ಕ್ಷಮಿಸಿಬಿಡು ಎಂದು ಒತ್ತಾಯಿಸುತ್ತಾರೆ. ಕ್ಷಮೆ ವರದಾನ, ಅದನ್ನು ಕೊಡುವ ಹೊತ್ತು ಕೊಡುವವಳದು. ತಪ್ಪಿತಸ್ಥನಿಗೆ ಪ್ರಶ್ನೆ ಹಾಕದೆ ನೊಂದವಳಿಗೆ ಉಪದೇಶ ಹೇಳುವವರು ಮಹಾಯಾಜಕರ ಸಾಲಿನಲ್ಲಿ ನಿಲ್ಲುತ್ತಾರೆ.

ಮಕ್ಕಳ ವಿಷಯದಲ್ಲಿ ಈ ಮೌನ ಇನ್ನೂ ಘೋರ. ಮಗುವೊಂದು ನೆಂಟನ, ಶಿಕ್ಷಕನ, ಧರ್ಮಕೇಂದ್ರದ ಸೇವಕನ ಅಥವಾ ಗುರುಗಳ ಕುರಿತು ಅಂಜುತ್ತ ಏನನ್ನೋ ಹೇಳಹೊರಟಾಗ, ಮನೆಯ ಮಾನ ಹೋದೀತೆಂದು ಅದರ ಬಾಯಿ ಮುಚ್ಚಿಸುವವರಿದ್ದಾರೆ. ನಮ್ಮ ದೇಶದಲ್ಲಿ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಮಕ್ಕಳ ಮೇಲಣ ಲೈಂಗಿಕ ಅಪರಾಧ ತಿಳಿದವರು ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿರುವುದೇ ಶಿಕ್ಷಾರ್ಹ. 1098 ಎಂಬ ಮಕ್ಕಳ ಸಹಾಯವಾಣಿಯೂ ಇದೆ. ಪಾಪನಿವೇದನೆಯ ಗೋಪ್ಯವನ್ನು ಧರ್ಮಸಭೆ ಅಭೇದ್ಯವೆಂದು ಪರಿಗಣಿಸುತ್ತದೆ. ಆದರೆ ತಾಯಿಗೆ ಮಗು ಹೇಳಿದ್ದು, ಶಾಲೆಯ ಕೊಠಡಿಯಲ್ಲಿ ಕಂಡದ್ದು, ಪಾಲನಾ ಸಮಿತಿಯ ಸಭೆಯಲ್ಲಿ ಕೇಳಿದ್ದು ಪಾಪನಿವೇದನೆಯಲ್ಲ. ಅವುಗಳಿಗೆ ಆ ಪವಿತ್ರ ಮುದ್ರೆಯ ಮರೆಯಿಲ್ಲ. ಇಂತಹ ಪ್ರಕರಣದಲ್ಲಿ ತಪ್ಪಿತಸ್ಥನು ಕ್ಷಮೆ ಕೇಳುವ ನೆಪದಲ್ಲಿ ಮಗುವಿನ ಹತ್ತಿರ ಸುಳಿಯಲೂಕೂಡದು; ಅವನು ಉತ್ತರಿಸಬೇಕಾದುದು ಕಾನೂನಿನ ಮುಂದೆ.

ಪಾಪಪ್ರಜ್ಞೆಗೂ ಮಾನಭಂಗದ ಭಯಕ್ಕೂ ಇರುವ ಅಂತರವನ್ನು ನಾವು ಮಕ್ಕಳಿಗೆ ಕಲಿಸಬೇಕು. ಮಾನಕ್ಕೆ ಅಂಜುವವನು ಯಾರು ನೋಡಿದರು ಎಂದು ಕೇಳುತ್ತಾನೆ. ಪಾಪಪ್ರಜ್ಞೆಯುಳ್ಳವನು ಯಾರಿಗೆ ನೋವಾಯಿತು ಎಂದು ಕೇಳುತ್ತಾನೆ. ಮೊದಲನೆಯದು ಮುಚ್ಚಿಡಲು ಕಲಿಸುತ್ತದೆ, ಎರಡನೆಯದು ಸರಿಪಡಿಸಲು. ಕಾಣಿಕೆ ತಂದವನಿಗೆ ತನ್ನ ಸಹೋದರನ ಮನಸ್ಸಿನಲ್ಲಿ ತನ್ನ ಮೇಲೆ ದೂರಿದೆಯೆಂದು ನೆನಪಾದರೆ, ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು ಮೊದಲು ಅವನ ಬಳಿಗೆ ಹೋಗಬೇಕೆಂದು ಪ್ರಭು ಬೋಧಿಸಿದರು. ಪೂಜೆಯನ್ನೇ ಅರ್ಧಕ್ಕೆ ನಿಲ್ಲಿಸಿ ಹೊರಡಬೇಕಾದಷ್ಟು ಮುಖ್ಯ ಆ ದೂರು.

ಆದುದರಿಂದ, ಪ್ರಿಯ ವಾಚಕರೇ, ಮುಂದಿನ ಬಾರಿ ಪಾಪನಿವೇದನೆಗೆ ಸಿದ್ಧರಾಗುವಾಗ ಪಾಪಗಳ ಪಟ್ಟಿಯ ಪಕ್ಕದಲ್ಲಿ ವ್ಯಕ್ತಿಗಳ ಪಟ್ಟಿಯನ್ನೂ ಮನಸ್ಸಿನಲ್ಲಿ ಬರೆದುಕೊಳ್ಳೋಣ. ಇವರಲ್ಲಿ ಯಾರ ಮಾತನ್ನು ನಾನು ಇನ್ನೂ ಕೇಳಿಲ್ಲ? ಯಾರಿಗೆ ಸಲ್ಲಬೇಕಾದುದು ನನ್ನ ಬಳಿ ಉಳಿದಿದೆ? ಯಾರ ದೂರನ್ನು ನಾನು ಸುಳ್ಳೆಂದು ತಳ್ಳಿಹಾಕಿದೆ? ಇವುಗಳಿಗೆ ಉತ್ತರ ಹುಡುಕಿಕೊಂಡು ಹೊರಟವನಿಗೆ ದಾರಿಯಲ್ಲಿ ನೋವು ಕಾದಿರುತ್ತದೆ, ಪೇತ್ರನಿಗೂ ಕಾದಿತ್ತು. ಆದರೆ ಆ ದಾರಿಯ ಕೊನೆಯಲ್ಲಿ ಅವನಿಗಾಗಿ ಊಟ ಸಿದ್ಧಮಾಡಿಕೊಂಡು ಕುಳಿತಿದ್ದವರು ಪ್ರಭುವೇ.